ಮಣಿಕಟ್ಟು ಮೇಲೇಳದ ಈಡು

ಮಾಮಾ ಗುರಿ ಹೊಡೆಯುವಾಗ ನಾನು ಕಾಗದದ ಗುರಿಗಿಂತ ಹೆಚ್ಚಾಗಿ ಅವರ ಬಲಗೈಯನ್ನು ನೋಡುತ್ತಿದ್ದೆ. ಪ್ರತಿ ಈಡಿಗೂ ಅವರ ಮಣಿಕಟ್ಟು ಒಂದಿಷ್ಟು ಮೇಲಕ್ಕೆ ಚಿಮ್ಮಿ, ಸಾವಕಾಶವಾಗಿ ತನ್ನ ಜಾಗಕ್ಕೆ ಇಳಿಯುತ್ತಿತ್ತು. ಅದು ಇಳಿಯುವಷ್ಟರಲ್ಲಿ ನನ್ನ ಪೆನ್ನು ಒಂದು ಗೆರೆ ಎಳೆದಿರುತ್ತಿತ್ತು. ನಾಲ್ಕು ಗೆರೆ ನೆಟ್ಟಗೆ, ಐದನೆಯದು ಅಡ್ಡ. ಭಾನುವಾರಗಳಂದು ಶೂಟಿಂಗ್ ರೇಂಜಿನಲ್ಲಿ ನನ್ನ ಕೆಲಸ ಇಷ್ಟೇ ಆಗಿತ್ತು. ಇದನ್ನು ಸಣ್ಣ ಕೆಲಸ ಎಂದು ಯಾರಾದರೂ ಅಂದರೆ ನಾನು ಈಗಲೂ ಒಪ್ಪುವುದಿಲ್ಲ.

ಮಾಮಾ ನನ್ನ ತಾಯಿಯ ತಮ್ಮ. ಧಾರವಾಡದವರು. ವಿಮಾನದ ಬಿಡಿಭಾಗಗಳನ್ನು ಅಳೆದು ನೋಡುವ ಎಂಜಿನಿಯರ್ ಆಗಿ ಸಿಯಾಟಲ್‌ಗೆ ಬಂದು, ಕರ್ಕ್‌ಲ್ಯಾಂಡಿನಲ್ಲಿ ಮನೆ ಮಾಡಿದ್ದರು. ಅವರು ಹಾಕಿದ ಅರ್ಜಿಯ ಮೇಲೆಯೇ ಅಪ್ಪ, ಅಮ್ಮ ಮತ್ತು ನನಗೆ ಗ್ರೀನ್ ಕಾರ್ಡ್ ಸಿಕ್ಕಿತ್ತು. ಅಪ್ಪ ಅಮ್ಮ ಪೋರ್ಟ್‌ಲ್ಯಾಂಡಿನಲ್ಲಿ ನಿಂತರು. ನಾನು ಕಾಲೇಜು ಮುಗಿಸಿ ಫ್ಯಾಕ್ಟೋರಿಯಾದ ಒಂದು ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟರ್ ಆಗಿ ಸೇರಿ, ಮಾಮಾನ ಮನೆಯ ಮಹಡಿಯ ಕೋಣೆಯಲ್ಲಿ ಉಳಿದೆ. ಏಳನೆಯ ಇಯತ್ತೆಯಿಂದ ದಿನಚರಿ ಬರೆಯುವ ಅಭ್ಯಾಸ ನನ್ನದು. ತಾರೀಖು, ವಾರ, ಮಳೆ ಇತ್ತೋ ಇಲ್ಲವೋ, ಬಸ್ಸು ಎಷ್ಟು ತಡವಾಯಿತು, ಯಾರು ಫೋನ್ ಮಾಡಿದರು, ಎಲ್ಲ ಅದರಲ್ಲಿರುತ್ತದೆ. ಮಾಮಿ ಮೈಸೂರಿನವರು. ನನ್ನ ದಿನಚರಿ ಕಂಡರೆ ಅವರಿಗೆ ತಮಾಷೆ. "ಇವತ್ತು ಸಾರಿಗೆ ಉಪ್ಪು ಜಾಸ್ತಿ ಆಯ್ತು ಅಂತ ಅದರಲ್ಲಿ ಬರೀಬೇಡ ಕಣೇ, ಆಮೇಲೆ ಮೊಮ್ಮಕ್ಕಳು ಓದ್ತಾರೆ," ಅನ್ನುತ್ತಿದ್ದರು.

೨೦೧೩ರಲ್ಲಿ ಅಂಗಡಿಗಳಲ್ಲಿ ತೋಟಾ ಸಿಗುವುದೇ ಕಷ್ಟವಾಯಿತು. ಕಪಾಟುಗಳು ಖಾಲಿ, ಬಾಗಿಲು ತೆಗೆಯುವ ಮೊದಲೇ ಹೊರಗೆ ಸಾಲು. ಮಾಮಾ ಎರಡು ಸಲ ಸಾಲಿನಲ್ಲಿ ನಿಂತು ಬರಿಗೈಯಲ್ಲಿ ಬಂದರು. ಮೂರನೆಯ ಸಲ ಹೋಗಲಿಲ್ಲ. ಬದಲಿಗೆ ಗ್ಯಾರೇಜಿನಲ್ಲಿ ಒಂದು ಗಟ್ಟಿ ಮೇಜು ಹಾಕಿ, ಅದಕ್ಕೆ ಕೈಯಿಂದ ಎಳೆಯುವ ಒಂದು ಪ್ರೆಸ್ ಬಿಗಿದರು. ಹೊಡೆದು ಮುಗಿದ ತೋಟಾದ ಹಿತ್ತಾಳೆ ಕೇಸುಗಳನ್ನು ಆರಿಸಿ ತರುವುದು, ತಿಕ್ಕಿ ತೊಳೆಯುವುದು, ತಳಕ್ಕೆ ಕಿಡಿ ಹಾರಿಸುವ ಹೊಸ ಪ್ರೈಮರ್ ಕೂರಿಸುವುದು, ಮದ್ದು ಅಳೆದು ಹಾಕುವುದು, ಮೇಲೆ ಸೀಸದ ಗುಂಡು ಒತ್ತುವುದು. ಒಂದೇ ಹಿತ್ತಾಳೆ ಮತ್ತೆ ಮತ್ತೆ ಕೆಲಸಕ್ಕೆ ಬರುತ್ತಿತ್ತು. ಅಳತೆಯ ಮನುಷ್ಯನಿಗೆ ಇದಕ್ಕಿಂತ ಚೆಂದದ ಕೆಲಸ ಇನ್ನೊಂದು ಇರಲಿಲ್ಲ.

ಆ ಮೇಜಿನ ಹತ್ತಿರ ನನಗೊಂದು ಮಡಚುವ ಕುರ್ಚಿ ಇತ್ತು. ಕೂತು ಬರೆದುಕೊಳ್ಳಬಹುದಿತ್ತು, ಕೈ ಹಚ್ಚುವಂತಿರಲಿಲ್ಲ.

"ನಾನೂ ಒಂದು ಡಬ್ಬಿ ತುಂಬ್ತೀನಿ ಮಾಮಾ," ಎಂದು ಒಮ್ಮೆ ಕೇಳಿದೆ.

"ತುಂಬಿದ್ರ ಹೊಡಿಯೋರು ಯಾರು?"

"ನೀವು."

"ಈ ಕೆಲಸದಾಗ ಒಂದ ಮಾತು ಎಲ್ಲಾರೂ ಹೇಳ್ತಾರವಾ. ಇನ್ನೊಬ್ರು ತುಂಬಿದ್ದು ಹೊಡೀಬಾರದು. ಅವ್ರು ಅಣ್ಣ ಇರಲಿ, ತಮ್ಮ ಇರಲಿ. ಸಿಡಿಯೂದು ನಮ್ಮ ಮಾರಿ ಮುಂದ, ನಮ್ಮ ಕೈಯಾಗ. ನಾ ತುಂಬಿದ್ದು ನಾ ಹೊಡೀತೀನಿ. ಮುಗೀತು."

ಆವತ್ತಿನಿಂದ ನನಗೆ ಒಂದೇ ಆಸೆ. ನಾನು ತುಂಬಿದ ತೋಟಾವನ್ನು ಮಾಮಾ ಒಂದು ದಿನ ತಮ್ಮ ರಿವಾಲ್ವರಿಗೆ ಹಾಕಬೇಕು. ಇದನ್ನು ದಿನಚರಿಯಲ್ಲಿ ಬರೆದಿದ್ದೆ, ಅಡಿಗೆರೆ ಹಾಕಿ.

ಕೆಲಸ ಕೊಡದಿದ್ದರೂ ಮಾಮಾ ಪಾಠ ಹೇಳುವುದರಲ್ಲಿ ಜಿಪುಣರಲ್ಲ. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಟಿಕ್ ಎಂದು ಸುಮ್ಮನಾದರೆ ಬಂದೂಕನ್ನು ಇಳಿಸಬಾರದು. ಗುರಿಯ ಕಡೆಗೇ ಹಿಡಿದು ಕಾಯಬೇಕು, ಮದ್ದು ತಡವಾಗಿ ಸಿಡಿಯಬಹುದು. ಮದ್ದು ಎರಡು ಪಾಲು ಬಿದ್ದರೆ ರಿವಾಲ್ವರೇ ಒಡೆಯಬಹುದು. ಅವರು ಹೊಡೆಯುವ ತೋಟಾದ ಕೇಸು ಉದ್ದ, ಅದಕ್ಕೆ ಬೇಕಾದ ಮದ್ದು ಸ್ವಲ್ಪವೇ. ಹಾಗಾಗಿ ಎರಡು ಪಾಲು ಬಿದ್ದರೂ ತುಳುಕಿ ಎಚ್ಚರಿಸುವುದಿಲ್ಲ. ಮದ್ದೇ ಇಲ್ಲದಿದ್ದರೆ ಇನ್ನೂ ಮೋಸ. ಪ್ರೈಮರಿನ ಕಿಡಿಯೊಂದೇ ಗುಂಡನ್ನು ನಳಿಗೆಯೊಳಗೆ ಒಂದಿಷ್ಟು ನೂಕಿ ಅಲ್ಲೇ ಬಿಡುತ್ತದೆ.

"ಠಸ್ ಅಂತ ಸಣ್ಣ ಸಪ್ಪಳ ಬರ್ತದ," ಅಂದಿದ್ದರು. "ಏನೂ ಆಗಿಲ್ಲ ಅನಸ್ತದ. ಆಗ ಮುಂದಿನ ಈಡು ಹೊಡದ್ರ, ಬಾಯಿ ಮುಚ್ಚಿದ ನಳಿಗಿ. ಹಿಂದ ಬರೋ ಗುಂಡು ಹೋಗೂದೆಲ್ಲಿ? ನಳಿಗಿ ಬಿರೀತದ. ಬೆರಳು ಹೋಗ್ತಾವ."

ಅದಕ್ಕೇ ಅವರ ಮುಖ್ಯ ನೇಮ ಟಾರ್ಚಿನದು. ಐವತ್ತು ಕೇಸುಗಳನ್ನು ಮರದ ಹಲಗೆಯ ತೂತುಗಳಲ್ಲಿ ನಿಲ್ಲಿಸಿ, ಮದ್ದು ಹಾಕಿದ ಮೇಲೆ, ಗುಂಡು ಒತ್ತುವ ಮೊದಲು, ಪ್ರತಿಯೊಂದರ ಬಾಯೊಳಗೂ ಬೆಳಕು ಬಿಟ್ಟು ನೋಡುವುದು. ಎಲ್ಲದರಲ್ಲೂ ಮದ್ದಿನ ಮಟ್ಟ ಒಂದೇ ಇರಬೇಕು.

ಆ ವರ್ಷದ ಆಯುಧಪೂಜೆ ಶನಿವಾರ. ಪಂಚಾಂಗದಲ್ಲಿ ನವಮಿ ಯಾವ ದಿನ ಬಂದರೂ ಇಲ್ಲಿಯ ನಮ್ಮವರ ಮನೆಗಳಲ್ಲಿ ಪೂಜೆ ಶನಿವಾರವೇ, ರಜೆ ಆವತ್ತೇ ಇರುವುದು. ಮಾಮಿಗೆ ದಸರಾ ಎಂದರೆ ತವರೂರು ಎದ್ದು ಬಂದ ಹಾಗೆ. ಎರಡು ಕಾರು, ಮೂರು ಲ್ಯಾಪ್‌ಟಾಪ್, ಮಿಕ್ಸಿ, ಹೊಲಿಗೆ ಯಂತ್ರ, ಎಲ್ಲಕ್ಕೂ ಕುಂಕುಮವಾಯಿತು. ಕೊನೆಗೆ ಮೆರವಣಿಗೆ ಗ್ಯಾರೇಜಿಗೆ ಬಂತು. ರಿವಾಲ್ವರನ್ನು ಮಾಮಾ ಖಾಲಿ ಮಾಡಿ, ತೋಟಾ ಕೂರುವ ಸಿಲಿಂಡರ್ ತೆರೆದು ಬಟ್ಟೆಯ ಮೇಲೆ ಇಟ್ಟಿದ್ದರು. ಪಕ್ಕದಲ್ಲಿ ಪ್ರೆಸ್. ಅದರ ಪಕ್ಕ ಮದ್ದಿನ ಅಳತೆಪಾತ್ರೆ: ಮೇಲೆ ಉದ್ದ ಪಾರದರ್ಶಕ ಡಬ್ಬಿ, ನಡುವೆ ತಿರುಗುವ ಹಿಡಿಕೆ, ಕೆಳಗೆ ಸಣ್ಣ ಕೊಳವೆ. ಹಿಡಿಕೆ ಒಂದು ಸಲ ತಿರುಗಿಸಿದರೆ ಒಂದು ಕೇಸಿಗೆ ಬೇಕಾದಷ್ಟು ಮದ್ದು ಬೀಳುತ್ತದೆ. ಕೆಲಸವಿಲ್ಲದಾಗ ಅದರಲ್ಲಿ ಮದ್ದು ಬಿಡಬಾರದೆಂದು ಮಾಮಾ ಯಾವಾಗಲೂ ಖಾಲಿ ಮಾಡಿ, ಮುಚ್ಚಳ ತೆಗೆದು ಇಡುತ್ತಿದ್ದರು.

ಮಾಮಿ ಆ ಡಬ್ಬಿಗೂ ಅರಿಶಿನ, ಕುಂಕುಮ, ಒಂದು ಸೇವಂತಿಗೆ ಇಟ್ಟು, ಧಾರಾಳವಾಗಿ ಅಕ್ಷತೆ ಹಾಕಿದರು. ಮಾಮಿಯ ಅಕ್ಷತೆ ತುಪ್ಪದಲ್ಲಿ ಕಲೆಸಿದ್ದು, ಹೊಳೆಯುತ್ತಿತ್ತು.

"ಸಾಕು ಮಾರಾಯ್ತಿ, ಮದವಿ ಮಾಡಾಕತ್ತಿಯೇನು ಅದಕ್ಕ?" ಎಂದರು ಮಾಮಾ.

"ನಿಮ್ಮ ಧಾರವಾಡದಲ್ಲಿ ಪೂಜೆ ಅಂದ್ರೆ ಬರೀ ಊಟ. ಸುಮ್ನೆ ನಿಂತ್ಕೊಳ್ಳಿ," ಎಂದರು ಮಾಮಿ.

ಪೂಜೆಯಾದ ಮೇಲೆ ಆಯುಧವನ್ನು ಸುಮ್ಮನೆ ಇಡಬಾರದು, ಬೋಣಿಯಾಗಬೇಕು ಎಂಬುದು ಮಾಮಾನ ಪದ್ಧತಿ. ಕಾರನ್ನು ನಿಂಬೆಹಣ್ಣಿನ ಮೇಲೆ ಹತ್ತಿಸಿ ಬೀದಿಯ ಕೊನೆಯವರೆಗೆ ಹೋಗಿ ಬಂದರು. ಗ್ಯಾರೇಜಿಗೆ ಹೋಗಿ ಒಂದು ಹಲಗೆ ತೋಟಾ ತುಂಬಿದರು. ಬೇರೆ ದಿನವಾಗಿದ್ದರೆ ಅಳತೆಪಾತ್ರೆಯನ್ನು ಬಟ್ಟೆಯಿಂದ ಒಳಗೂ ಹೊರಗೂ ಒರೆಸಿಯೇ ಮದ್ದು ಸುರಿಯುತ್ತಿದ್ದರು. ಆವತ್ತು ಒರೆಸಲಿಲ್ಲ. ಹಚ್ಚಿದ ಕುಂಕುಮವನ್ನು ಅದೇ ದಿನ ಒರೆಸುವವರು ಯಾರಿದ್ದಾರೆ? ಹೂವನ್ನಷ್ಟೇ ಪಕ್ಕಕ್ಕಿಟ್ಟರು. ನಾನು ಆಗ ಒಳಗೆ ಬಂದವರಿಗೆ ಕೋಸಂಬರಿ ಬಡಿಸುತ್ತಿದ್ದೆ. ಹೋಳಿಗೆ ಆರುತ್ತದೆ ಎಂದು ಮಾಮಿ ಎರಡು ಸಲ ಕೂಗಿದ್ದು ನನಗೂ ಕೇಳಿತ್ತು. ಎರಡನೆಯ ಕೂಗಿಗೆ ಮಾಮಾ ಕೈ ತೊಳೆದುಕೊಂಡು ಬಂದರು.

ಭಾನುವಾರ ಮಳೆ ಹಿಡಿದಿತ್ತು. ರೇಂಜ್ ಊರಿಂದ ಪೂರ್ವಕ್ಕೆ, ಗುಡ್ಡದ ಬುಡದಲ್ಲಿ. ಹೊಡೆಯುವವರು ನಿಲ್ಲುವ ಕಡೆ ತಗಡಿನ ಮಾಡು ಇದ್ದುದರಿಂದ ಮಳೆಗೂ ಜನ ಬಂದಿದ್ದರು. ಮಾಮಾ ಕಿವಿಗೆ ಸದ್ದು ತಡೆಯುವ ಬೆಂಡು ತುರುಕಿ, ಮೇಲೆ ಮುಚ್ಚಿಗೆ ಹಾಕಿ, ಕನ್ನಡಕ ಸರಿ ಮಾಡಿಕೊಂಡು ನಿಂತರು. ಹಿಂದಿನ ಹಳದಿ ಗೆರೆಯಾಚೆ ಬೆಂಚಿನ ಮೇಲೆ ನಾನು, ತೊಡೆಯ ಮೇಲೆ ಹಾಳೆ. ಪಕ್ಕದ ಕಟಕಟೆಯಲ್ಲಿ ಒಬ್ಬ ದೊಡ್ಡ ರೈಫಲ್ ತಂದಿದ್ದ. ಅದು ಸಿಡಿದಾಗಲೆಲ್ಲ ಎದೆಗೇ ಗುದ್ದಿದ ಹಾಗಾಗುತ್ತಿತ್ತು.

ಮೊದಲ ಆರು ಈಡು ಚೆನ್ನಾಗಿ ಬಿದ್ದವು. ಆರು ಗೆರೆ. ಮಾಮಾ ಖಾಲಿ ಕೇಸುಗಳನ್ನು ತೆಗೆದು, ಡಬ್ಬಿಯಿಂದ ಮತ್ತೆ ಆರು ತುಂಬಿದರು. ಒಂದು, ಎರಡು. ಮೂರನೆಯದಕ್ಕೆ ಅವರ ಬೆರಳು ಕುದುರೆ ಎಳೆದಾಗಲೇ ಪಕ್ಕದ ರೈಫಲ್ಲೂ ಸಿಡಿಯಿತು. ಎಲ್ಲ ಸದ್ದೂ ಎಲ್ಲ ಗುದ್ದೂ ಅದರೊಳಗೆ ಮುಳುಗಿಹೋದವು.

ನನ್ನ ಪೆನ್ನು ಗೆರೆಯ ಅರ್ಧಕ್ಕೆ ನಿಂತಿತು. ಮಾಮಾನ ಮಣಿಕಟ್ಟು ಮೇಲಕ್ಕೆ ಎದ್ದಿರಲಿಲ್ಲ.

ಕಾಗದ ನೋಡಿದೆ. ಹೊಸ ತೂತಿಲ್ಲ. ಮತ್ತೆ ಕೈ ನೋಡಿದೆ. ಬೆರಳು ನಾಲ್ಕನೆಯ ಈಡಿಗೆ ಆಗಲೇ ಒಳಕ್ಕೆ ಸರಿಯುತ್ತಿತ್ತು, ಸಿಲಿಂಡರ್ ತಿರುಗತೊಡಗಿತ್ತು. ಅಲ್ಲಿ ಯಾರು ಬೇಕಾದರೂ ಕೂಗಬಹುದಾದ ಒಂದು ಕೂಗಿದೆ. ಕೂಗಿದರೆ ಇಡೀ ಸಾಲು ನಿಲ್ಲಬೇಕು. ಸುಮ್ಮನೆ ಕೂಗಿದವರನ್ನು ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಅಷ್ಟು ದಿನದಲ್ಲಿ ಅಲ್ಲಿ ಬಾಯಿಯೇ ಬಿಟ್ಟವಳಲ್ಲ.

"ಸೀಸ್ ಫೈರ್!" ಎಂದು ಕಿರುಚಿದೆ. ಸಾಲದೆಂದು, "ಮಾಮಾ, ಬ್ಯಾಡ! ಬೆರಳು ತಗೀರಿ!"

ಬೆರಳು ಹೊರಗೆ ಬಂತು. ಸಾಲಿನಲ್ಲಿ ಒಬ್ಬೊಬ್ಬರಾಗಿ ಬಂದೂಕು ಕೆಳಗಿಟ್ಟು ಹಿಂದೆ ಸರಿದರು. ಮಾಮಾ ಸರಿಯಲಿಲ್ಲ, ತಿರುಗಲೂ ಇಲ್ಲ. ಸಿಟ್ಟು ಬಂದಿದ್ದು ಕುತ್ತಿಗೆಯಲ್ಲೇ ಗೊತ್ತಾಗುತ್ತಿತ್ತು. ಆದರೆ ಅಷ್ಟು ಸಿಟ್ಟಿನಲ್ಲೂ ನಳಿಗೆ ಗುರಿಯ ಕಡೆಯಿಂದ ಕೂದಲೆಳೆಯಷ್ಟೂ ಅಲುಗಲಿಲ್ಲ. ಅವರ ಬಗ್ಗೆ ನನಗೆ ಹೆಮ್ಮೆ ಎನಿಸುವ ಸಂಗತಿಗಳಲ್ಲಿ ಇದೂ ಒಂದು.

"ಏನಾತು?" ಎಂದರು, ಮುಂದೆಯೇ ನೋಡುತ್ತ.

"ಕೈ ಏಳಲಿಲ್ಲ ಮಾಮಾ. ತೂತೂ ಬಿದ್ದಿಲ್ಲ."

"ಗುರಿ ತಪ್ಪಿರಬೇಕು."

"ಗುರಿ ತಪ್ಪಿದ್ರ ಕೈ ಏಳಬೇಕಲ್ರಿ?"

ಅವರು ನಳಿಗೆಯನ್ನು ಗುರಿಗೇ ಹಿಡಿದು ಕಾಯತೊಡಗಿದರು.

ಕಿತ್ತಳೆ ಬಣ್ಣದ ಜಾಕೆಟ್ಟಿನ ಮೇಲ್ವಿಚಾರಕಿ ಬಂದರು. ಅರವತ್ತು ದಾಟಿದ ಹೆಂಗಸು, ಗಟ್ಟಿ ದನಿ. ನಾನು ಹೇಳಿದ್ದನ್ನು ಪೂರ್ತಿ ಕೇಳಿದರು. ಮಾಮಾ ಹಾಗೆಯೇ ಹಿಡಿದುಕೊಂಡು ಕಾದ ಮೇಲೆ ಸಿಲಿಂಡರ್ ತೆರೆಸಿದರು. ಹೊಡೆಯದೆ ಉಳಿದ ಮೂರು ತೋಟಾಗಳನ್ನು ಒಂದು ಲೋಟದಲ್ಲಿ ಬೇರೆ ಇಟ್ಟರು. ಆಮೇಲೆ ನಳಿಗೆಯ ಬಾಯಿಂದ ಹಿತ್ತಾಳೆಯ ಕಡ್ಡಿ ಇಳಿಸಿದರು. ಕಡ್ಡಿ ಹಿಂದಿನಿಂದ ಹೊರಗೆ ಬರಬೇಕಿತ್ತು. ಮುಕ್ಕಾಲು ದಾರಿಗೆ, ಒಳಗೆ ಸಿಕ್ಕಿದ್ದ ಗುಂಡಿಗೆ ತಾಗಿ, ಟಕ್ ಎಂದು ನಿಂತಿತು.

ಮೇಲ್ವಿಚಾರಕಿ ಕಡ್ಡಿ ನಿಂತ ಜಾಗವನ್ನು ಉಗುರಿನಿಂದ ಹಿಡಿದು, ಅದನ್ನು ಹೊರಗೆಳೆದು, ನಳಿಗೆಯ ಪಕ್ಕಕ್ಕಿಟ್ಟು ಮಾಮಾನಿಗೆ ತೋರಿಸಿದರು. ಮಾಮಾ ಇಷ್ಟು ವರ್ಷ ಅಳತೆಯಲ್ಲೇ ಬದುಕಿದವರು. ಅವರಿಗೆ ಹೆಚ್ಚು ವಿವರಿಸುವುದು ಬೇಕಿರಲಿಲ್ಲ. ತಮ್ಮ ಬಲಗೈಯನ್ನು ಒಮ್ಮೆ ಮಡಚಿ ಬಿಚ್ಚಿ ನೋಡಿಕೊಂಡರು.

ಮೇಲ್ವಿಚಾರಕಿ ಇಂಗ್ಲಿಷಿನಲ್ಲಿ, "ಮಗಳೇ ಇವಳು?" ಎಂದು ಕೇಳಿದರು.

"ಅಕ್ಕನ ಮಗಳು," ಎಂದರು ಮಾಮಾ.

"ಇವಳಿಲ್ಲದೆ ಇಲ್ಲಿಗೆ ಬರಬೇಡ," ಎಂದು ಹೇಳಿ ಅವರು ಸಾಲನ್ನು ಮತ್ತೆ ಶುರು ಮಾಡಿಸಲು ಹೋದರು. ರೈಫಲ್ಲಿನವನು ದೂರದಿಂದಲೇ ನನಗೆ ಟೋಪಿ ಎತ್ತಿ ತೋರಿಸಿದ. ಮಳೆಯ ಥಂಡಿಯಲ್ಲೂ ನನ್ನ ಕಿವಿ ಬಿಸಿಯಾಗಿತ್ತು.

ಮಾಮಾ ಮನೆಗೆ ಬಂದವರೇ ಗ್ಯಾರೇಜಿಗೆ ಹೋಗಿ, ಲೋಟದಲ್ಲಿದ್ದ ಮೂರು ತೋಟಾಗಳನ್ನು ಬಿಚ್ಚಲು ಕೂತರು. ಅದಕ್ಕೊಂದು ಪ್ಲಾಸ್ಟಿಕ್ಕಿನ ಸುತ್ತಿಗೆ ಇದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಮರದ ದಿಮ್ಮಿಗೆ ಬಡಿದರೆ, ಗುಂಡೂ ಮದ್ದೂ ಸುತ್ತಿಗೆಯ ಹೊಟ್ಟೆಗೆ ಉದುರುತ್ತವೆ. ಮೊದಲನೆಯದರ ಮದ್ದನ್ನು ತಕ್ಕಡಿಯ ತಟ್ಟೆಗೆ ಸುರಿದರು. ಸರಿಯಾಗಿತ್ತು. ಎರಡನೆಯದನ್ನು ಸುರಿದಾಗ ತಕ್ಕಡಿಯ ಮುಳ್ಳು ಮೇಲೆ ಹೋಗಿ ತಡೆಗೆ ಬಡಿಯಿತು. ಹೆಚ್ಚುಕಡಿಮೆ ಎರಡು ಪಾಲು. ಬೂದು ಬಣ್ಣದ ಆ ಮದ್ದಿನ ನಡುವೆ ಹಳದಿಯದೇನೋ ಹೊಳೆಯಿತು. ಮಾಮಾ ಚಿಮಟದಿಂದ ಎತ್ತಿ ಟಾರ್ಚಿಗೆ ಹಿಡಿದರು.

ಅಕ್ಷತೆ. ಒಂದಕ್ಕೊಂದು ಅಂಟಿಕೊಂಡ ಮೂರು ಕಾಳು.

ಮುಚ್ಚಳವಿಲ್ಲದ ಡಬ್ಬಿಗೆ ಬಿದ್ದ ಅಕ್ಷತೆಯ ಮೇಲೆಯೇ ಮಾಮಾ ಮದ್ದು ಸುರಿದಿದ್ದರು. ತುಪ್ಪದ ಜಿಡ್ಡಿಗೆ ಅಂಟಿದ ಕಾಳು ಕೆಳಗಿನ ಕೊಳವೆಯಲ್ಲಿ ಅಡ್ಡಬಂದು, ಒಂದು ಕೇಸಿನ ಮದ್ದನ್ನು ತಡೆದು ನಿಲ್ಲಿಸಿತ್ತು. ಮುಂದಿನ ಸಲ ಹಿಡಿಕೆ ತಿರುಗಿಸಿದಾಗ ಎರಡು ಕೇಸುಗಳ ಮದ್ದು, ಕಾಳಿನ ಸಮೇತ, ಮುಂದಿನ ಕೇಸಿಗೆ ಜಾರಿತ್ತು. ಒಂದು ಖಾಲಿ, ಅದರ ಹಿಂದೆಯೇ ಒಂದು ದುಪ್ಪಟ್ಟು. ನಳಿಗೆ ಮುಚ್ಚಿದ್ದು ಖಾಲಿಯದು. ದುಪ್ಪಟ್ಟಿನದು ಅದೇ ಸಿಲಿಂಡರಿನಲ್ಲಿ ತನ್ನ ಸರದಿಗೆ ಕಾಯುತ್ತಿತ್ತು.

ಮಾಮಿ ಚಹಾ ತಂದವರು ಬಾಗಿಲಲ್ಲೇ ನಿಂತರು. ಮಾಮಾ ಚಿಮಟ ಎತ್ತಿ ತೋರಿಸಿ ಎಲ್ಲ ಹೇಳಿದರು. ಮಾಮಿ ಚಹಾದ ತಟ್ಟೆ ಕೆಳಗಿಟ್ಟು, ಮಾಮಾನ ಬಲಗೈ ಹಿಡಿದುಕೊಂಡು, "ನಾನೇ ಹಾಕ್ದೆ. ನೀವು ಸಾಕು ಅಂದ್ರಿ, ನಾನು ಕೇಳ್ಲಿಲ್ಲ," ಎಂದರು.

"ನೀ ಹಾಕಿದ್ದು ಪೂಜಾ. ಟಾರ್ಚ್ ಬಿಟ್ಟು ನೋಡೂದು ನನ್ನ ಕೆಲಸ. ಹೋಳಿಗಿ ಆರ್ತದ ಅಂತ ಹಲಗಿ ಮ್ಯಾಲ ಹಿಂಗ ಒಂದು ಸಲ ಕಣ್ಣಾಡಿಸಿ ಎದ್ದೆ."

"ಹೋಳಿಗೆ ಒಲೆ ಮೇಲೆ ಬಿಸಿ ಮಾಡ್ಕೊಡ್ತಿದ್ದೆ, ಕೈ ಎಲ್ಲಿಂದ ತರೋಣ ರೀ?" ಮಾಮಿ ಅಳುತ್ತಲೇ ಬೈದರು. ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಬರಿ. ಸಾರಿನ ಉಪ್ಪೂ ಬೇಕಾದ್ರೆ ಬರ್ಕೋ," ಎಂದರು.

ಉಳಿದ ತೋಟಾಗಳನ್ನೂ ಆ ವಾರ ಒಂದೊಂದಾಗಿ ಬಿಚ್ಚಿದೆವು. ಬೇರೆ ಯಾವುದರಲ್ಲೂ ದೋಷ ಸಿಗಲಿಲ್ಲ. ಜಿಡ್ಡು ಸೋಕಿದ ಮದ್ದನ್ನೆಲ್ಲ ಮಾಮಾ ಬೇರೆ ತೆಗೆದು, ಮತ್ತೆ ಬಳಸಲಿಲ್ಲ. ನಳಿಗೆಯಲ್ಲಿ ಸಿಕ್ಕಿದ್ದ ಗುಂಡನ್ನು ಬಂದೂಕು ರಿಪೇರಿಯವನು ತೆಗೆದುಕೊಟ್ಟ. ರಿವಾಲ್ವರಿಗೆ ಏನೂ ಆಗಿರಲಿಲ್ಲ. ಮಾಮಾನಿಗೆ ಮಾತ್ರ ಏನೋ ಆಗಿತ್ತು. ಚಳಿಗಾಲವೆಲ್ಲ ಪ್ರೆಸ್ಸಿನ ಮೇಲೆ ಹೊದಿಕೆ ಇತ್ತು. ಭಾನುವಾರ ಬೆಳಿಗ್ಗೆ ಅವರು ಪೇಪರ್ ಹಿಡಿದು ಕೂತರೆ ಪುಟ ತಿರುವುತ್ತಿರಲಿಲ್ಲ. ಪ್ರೆಸ್ ಮಾರಿಬಿಡುವ ಮಾತೂ ಒಮ್ಮೆ ಬಂತು.

ಆಗ ನಾನು ಆಫೀಸಿನಲ್ಲಿ ಮಾಡುವುದನ್ನೇ ಮನೆಯಲ್ಲೂ ಮಾಡಿದೆ. ಪ್ರೋಗ್ರಾಮ್ ಬರೆದವನ ಕೈಗೆ ಅದನ್ನು ಪರೀಕ್ಷಿಸುವ ಕೆಲಸವನ್ನೂ ಕೊಡುವುದಿಲ್ಲ. ಬರೆದ ಕಣ್ಣಿಗೆ ತಾನು ಬರೆದದ್ದು ಸರಿಯಾಗಿಯೇ ಕಾಣುತ್ತದೆ.

"ಮಾಮಾ, ತುಂಬೋರು ಒಬ್ರು, ಟಾರ್ಚ್ ಹಿಡಿಯೋರು ಇನ್ನೊಬ್ರು ಆಗ್ಲಿ," ಎಂದೆ. "ಟಾರ್ಚ್ ಹಿಡಿದೋರು ಹ್ಞೂಂ ಅನ್ನೋ ತನಕ ಗುಂಡು ಒತ್ತೋದಿಲ್ಲ. ಫೋನು ಒಳಗ. ಊಟಕ್ಕ ಕರಿಯೋರು ಕರೀಲಿ, ನಾವು ಏಳಬಾರದು."

"ಮಾಮಿಗೆ ನೀನ ಹೇಳು ಇದನ್ನ."

"ಹೇಳಿದ್ದಾಗೇದ. 'ಎದ್ದು ಬಂದ್ರೆ ನಾನೇ ಬಡಿಸಲ್ಲ' ಅಂದ್ರು."

ಮಾಮಾ ಎಷ್ಟೋ ದಿನಗಳ ಮೇಲೆ ನಕ್ಕರು. ಆ ಸಂಜೆ ಹೊದಿಕೆ ತೆಗೆದರು. ಟಾರ್ಚ್ ನನ್ನ ಕೈಗೆ ಬಂತು. ಮೊದಲ ಹಲಗೆಯಲ್ಲೇ ಒಂದು ಕೇಸಿನ ಮಟ್ಟ ನನಗೆ ಯಾಕೋ ತಗ್ಗಾಗಿ ಕಂಡಿತು. ಹ್ಞೂಂ ಅನ್ನಲಿಲ್ಲ. ಮಾಮಾ ಅದನ್ನು ತೂಗಿ ನೋಡಿದರು. ಸರಿಯಾಗಿಯೇ ಇತ್ತು, ಕೇಸು ಮಾತ್ರ ಉಳಿದವಕ್ಕಿಂತ ಸ್ವಲ್ಪ ಉದ್ದ. ನನಗೆ ನಾಚಿಕೆಯಾಯಿತು. ಮಾಮಾ ಮಾತ್ರ, "ಹಿಂಗ ಅನುಮಾನ ಪಡು. ದಿನಾ ಪಡು," ಎಂದರು.

ಬೇಸಿಗೆ ಬರುವಷ್ಟರಲ್ಲಿ ಕುರ್ಚಿಗಳು ಅದಲುಬದಲಾಗಿದ್ದವು. ಪ್ರೆಸ್ಸಿನ ಮುಂದೆ ನಾನು, ಟಾರ್ಚ್ ಹಿಡಿದು ಮಾಮಾ. ನಾನು ತುಂಬಿದ್ದನ್ನು ನಾನೇ ಹೊಡೆದೆ. ಅವರ ರಿವಾಲ್ವರಿನಲ್ಲಿ, ಅವರು ಪಕ್ಕದಲ್ಲಿ ನಿಂತಿರುವಾಗ. ತಮ್ಮ ಸರದಿಗೆ ಅವರು ತಮ್ಮದೇ ಡಬ್ಬಿ ತೆರೆಯುತ್ತಿದ್ದರು. ಎರಡೂ ಡಬ್ಬಿಗಳಿಗೆ ಬೇರೆ ಬೇರೆ ಬಣ್ಣದ ಚೀಟಿ, ತಾರೀಖು ನನ್ನ ಅಕ್ಷರದಲ್ಲಿ. ನೇಮ ನೇಮವೇ. ನಾನು ಮತ್ತೆ ಕೇಳಲಿಲ್ಲ.

ಮುಂದಿನ ಆಯುಧಪೂಜೆ ಬಂತು, ಅದೂ ಶನಿವಾರ. ಮಾಮಿ ತಟ್ಟೆ ಹಿಡಿದು ಗ್ಯಾರೇಜಿನ ಹೊಸ್ತಿಲಲ್ಲಿ ನಿಂತರು.

"ಒಳಗೆ ಬರ್ಲಾ, ಇನ್‌ಸ್ಪೆಕ್ಟರಮ್ಮ?"

ಅಳತೆಪಾತ್ರೆಯನ್ನು ಮುಚ್ಚಳ ಹಾಕಿ, ಬಟ್ಟೆ ಸುತ್ತಿ, ಕಪಾಟಿನೊಳಗಿಟ್ಟು ಬೀಗ ಹಾಕಿದ್ದೆ. ಪೂಜೆಗೆ ಮೇಜಿನ ಕಾಲನ್ನು ತೋರಿಸಿದೆ. "ಇದಕ್ಕ ಎಷ್ಟು ಬೇಕಾದ್ರೂ ಹಾಕ್ರಿ ಮಾಮಿ."

"ಮೇಜಿನ ಕಾಲಿಗೆ ಪೂಜೆ! ನಮ್ಮಜ್ಜಿ ಕೇಳಿದ್ರೆ ಏನಂತಿದ್ರೋ," ಎಂದು ಗೊಣಗುತ್ತ ಕಾಲಿಗೆ ಕುಂಕುಮ ಹಚ್ಚಿದರು. ಈ ಸಲ ಅಕ್ಷತೆಗೆ ತುಪ್ಪ ಹಾಕಿರಲಿಲ್ಲ. ಅದು ನನ್ನ ದಿನಚರಿಗೆ ಹೋಯಿತು.

ಬೋಣಿಗೆ ಎಂದು ಆವತ್ತು ಒಂದು ಹಲಗೆ ನಾನು ತುಂಬಿದೆ. ಮಾಮಾ ಪ್ರತಿ ಕೇಸಿಗೂ ಟಾರ್ಚ್ ಬಿಟ್ಟು ಹ್ಞೂಂ ಎಂದರು. ಒಳಗಿನಿಂದ ಯಾರೂ ಊಟಕ್ಕೆ ಕೂಗಲಿಲ್ಲ.

ಮರುದಿನ ರೇಂಜಿನಲ್ಲಿ ಬಿಸಿಲಿತ್ತು. ಬ್ಯಾಗಿನಿಂದ ಎರಡೂ ಡಬ್ಬಿ ತೆಗೆದಿಟ್ಟು ನಾನು ಬೆಂಚಿಗೆ ಹೋಗಿ ಕೂತೆ. ಮಾಮಾ ಕಿವಿಗೆ ಬೆಂಡು ತುರುಕಿದರು. ತಮ್ಮ ಡಬ್ಬಿಯನ್ನು ಕೈಯಲ್ಲಿ ಹಿಡಿದು ನೋಡಿ, ಬ್ಯಾಗಿಗೇ ವಾಪಸ್ ಹಾಕಿದರು. ನನ್ನದನ್ನು ತೆರೆದರು.

"ಮಾಮಾ, ಅದು ನಂದು," ಎಂದೆ.

"ಗೊತ್ತೈತಿ. ನೀ ಗೆರಿ ಎಳೀ."

ಆರನ್ನೂ ತುಂಬಿ ಸಿಲಿಂಡರ್ ಮುಚ್ಚಿದರು. ನಿಂತರು. ನಾನು ಕಾಗದದ ಕಡೆ ನೋಡಲೇ ಇಲ್ಲ. ಮೊದಲ ಈಡಿಗೆ ಅವರ ಮಣಿಕಟ್ಟು ಮೇಲಕ್ಕೆ ಚಿಮ್ಮಿ, ಸಾವಕಾಶವಾಗಿ ತನ್ನ ಜಾಗಕ್ಕೆ ಇಳಿಯಿತು. ಗೆರೆ ಎಳೆದೆ.